ಪ್ರಶ್ನೋತ್ತರ: ಸಿಂಥೆಟಿಕ್ ಬಯಾಲಜಿ ಲ್ಯಾಬಿನಲ್ಲಿ ಏನು ಕೆಲಸ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು): ಮೇಡಂ, ನಮಸ್ತೆ. ಮಗಳು ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೇ ವರ್ಷ ಓದುತ್ತಿದ್ದಾಳೆ. ಮುಂದೆ ಸಿಂಥೆಟಿಕ್ ಬಯಾಲಜಿಯಲ್ಲಿ ರಿಸರ್ಚ್ ಮಾಡುತ್ತೇನೆ ಅಂತಾಳೆ. ಸಿಸ್ಟಮ್ಸ್ ಬಯಾಲಜಿ ಅಂತಲೂ ಇನ್ನೊಂದು ಹೆಸರು ಹೇಳುತ್ತಾಳೆ. ಇದೇನು? ಕೊಳೆರೋಗಕ್ಕೆ ಇದರಲ್ಲಿ ಏನಾದರೂ ದಾರಿ ಇದೆಯಾ?

ಉತ್ತರ (ಯೂನಿವರ್ಸಿಟಿ ಲ್ಯಾಬಿನ ಸಂಶೋಧಕಿ): ನಮಸ್ತೆ ಸರ್. ಜೀವಕೋಶದೊಳಗೆ ಜೀನ್, ಪ್ರೋಟೀನ್‌ಗಳು ಒಂದನ್ನೊಂದು ಹೇಗೆ ನಡೆಸುತ್ತವೆ ಅಂತ ಅಳೆದು ಲೆಕ್ಕ ಹಾಕುವುದು ಸಿಸ್ಟಮ್ಸ್ ಬಯಾಲಜಿ. ಆ ತಿಳುವಳಿಕೆಯಿಂದ ಹೊಸ ಡಿಎನ್‌ಎ ಜೋಡಿಸಿ, ಕೋಶದಿಂದ ಹೊಸ ಕೆಲಸ ಮಾಡಿಸುವುದು ಸಿಂಥೆಟಿಕ್ ಬಯಾಲಜಿ.

2000ನೇ ಇಸವಿಯಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧ ಬಂದವು. ಒಂದರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಒಂದನ್ನೊಂದು ಅದುಮುವ ಎರಡು ಜೀನ್‌ಗಳ ಸ್ವಿಚ್. ಇನ್ನೊಂದರಲ್ಲಿ ಒಂದು ಮುಂದಿನದನ್ನು ಅದುಮುವ ಮೂರು ಜೀನ್‌ಗಳ ಸುತ್ತು: ಬ್ಯಾಕ್ಟೀರಿಯಾ ಹಸಿರಾಗಿ ಹೊಳೆಯುತ್ತದೆ, ಮಂಕಾಗುತ್ತದೆ, ಮತ್ತೆ ಹೊಳೆಯುತ್ತದೆ. ಡಿಎನ್‌ಎ ಒಂದೇ ಆದರೂ ಎಲ್ಲ ಕೋಶಗಳೂ ಒಂದೇ ತಾಳಕ್ಕೆ ಹೊಳೆಯಲಿಲ್ಲ. ಯಾಕೆ ಅನ್ನುವುದೇ ದೊಡ್ಡ ಸಂಶೋಧನೆಯಾಯಿತು.

ದಿನದ ಕೆಲಸ ಹೀಗಿರುತ್ತದೆ. ಡಿಎನ್‌ಎಯನ್ನು ಬ್ಯಾಕ್ಟೀರಿಯಾ ಜೊತೆ ಬೆರೆಸಿ, ಐಸ್ ಮೇಲಿಟ್ಟು, 42 ಡಿಗ್ರಿಯ ನೀರಿನಲ್ಲಿ ಅರ್ಧ-ಮುಕ್ಕಾಲು ನಿಮಿಷ ಅದ್ದಿ ಮತ್ತೆ ಐಸ್‌ಗೆ. ಆ್ಯಂಟಿಬಯೋಟಿಕ್ ಇರುವ ಅಗರ್ ಪ್ಲೇಟಿನ ಮೇಲೆ ಹರಡಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತೇವೆ. ಡಿಎನ್‌ಎ ಜೊತೆ ಆ ಔಷಧಿಯನ್ನು ತಡೆಯುವ ಜೀನೂ ಇರುವುದರಿಂದ, ಅದು ಒಳಗೆ ಹೋದ ಕೋಶ ಮಾತ್ರ ಬದುಕಿ, ಬೆಳಿಗ್ಗೆ ಸಣ್ಣ ಚುಕ್ಕೆಗಳಾಗಿ ಕಾಣುತ್ತದೆ. ಒಂದು ಚುಕ್ಕೆ ತೆಗೆದು ಬೆಳೆಸಿ, ಎಷ್ಟು ಬೆಳೆಯಿತು, ಎಷ್ಟು ಹೊಳೆಯಿತು ಅಂತ ಗಂಟೆಗಟ್ಟಲೆ ಅಳೆಯುತ್ತೇವೆ.

ನಿಜವಾದ ಕಷ್ಟ ಆಮೇಲೆ. ನಾವು ಹಾಕಿದ ಜೀನ್ ಕೋಶಕ್ಕೆ ಹೊರೆ. ತನ್ನ ಪ್ರೋಟೀನ್ ಮಾಡಿಕೊಳ್ಳುವ ರೈಬೋಸೋಮ್‌ಗಳನ್ನೇ ನಮ್ಮ ಪ್ರೋಟೀನಿಗೂ ಕೊಡಬೇಕು, ಹಾಗಾಗಿ ಬೆಳವಣಿಗೆ ನಿಧಾನ. ಆಹಾರ ಚೆನ್ನಾಗಿದ್ದರೆ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಎಲ್ಲೋ ಒಂದು ಕೋಶದಲ್ಲಿ ನಮ್ಮ ಜೀನ್ ಕೆಟ್ಟರೆ ಸಾಕು, ಹೊರೆ ಇಳಿಸಿಕೊಂಡ ಅದು ತೋಟದ ಕಳೆಯ ಹಾಗೆ ಉಳಿದವನ್ನು ಮೀರಿ ಬೆಳೆಯುತ್ತದೆ. ಕೋಶವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಷ್ಟೂ ಅದಕ್ಕೆ ಹೊಸದನ್ನು ಸೇರಿಸಿ ಉಳಿಸುವುದು ಸುಲಭ. ಅದಕ್ಕೇ ಮಗಳು ಎರಡೂ ಹೆಸರು ಒಟ್ಟಿಗೆ ಹೇಳುತ್ತಿರುವುದು, ಸರಿಯಾಗಿಯೇ ಹೇಳುತ್ತಿದ್ದಾಳೆ.

ಕೊಳೆರೋಗಕ್ಕೆ ಸದ್ಯ ಇದರಿಂದ ಔಷಧಿ ಸಿಗುತ್ತದೆ ಅಂತ ಆಸೆ ಹುಟ್ಟಿಸಲಾರೆ. ಮಳೆಗೆ ಮುಂಚೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವುದನ್ನು ಬಿಡಬೇಡಿ. ಈ ದಾರಿ ಉದ್ದ. ಮಲೇರಿಯಾದ ಆರ್ಟೆಮಿಸಿನಿನ್ ಔಷಧಿಗೆ ಬೇಕಾದ ಆಮ್ಲವನ್ನು ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯ ಜೇ ಕೀಸ್ಲಿಂಗ್ ತಂಡ ಯೀಸ್ಟ್‌ನಲ್ಲಿ ಮಾಡಿ ತೋರಿಸಿದ್ದು 2006ರಲ್ಲಿ. ಕಾರ್ಖಾನೆಗೆ ಬಂದದ್ದು 2013ರಲ್ಲಿ.

ಪ್ರಶ್ನೆ (ಸೊರಬದಿಂದ): ಮೇಡಂ, ಮಂಗನ ಕಾಯಿಲೆ ಮೊದಲು ಕಂಡ ಕ್ಯಾಸನೂರು ನಮ್ಮ ತಾಲ್ಲೂಕು. ಇಂಥ ಬ್ಯಾಕ್ಟೀರಿಯಾ ಹೊರಗೆ ಬಂದರೆ ಏನು ಗತಿ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 1957ರಲ್ಲಿ ಅಲ್ಲಿ ಪತ್ತೆಯಾದದ್ದು ಕಾಡಿನ ಉಣ್ಣಿಯಿಂದ (ಉಣುಗು) ಬರುವ ವೈರಸ್, ಲ್ಯಾಬಿನದಲ್ಲ. ನಾವು ಬಳಸುವುದು ಇ. ಕೋಲಿಯ ಕೆ-12 ತಳಿ. 1922ರಿಂದ ಲ್ಯಾಬಿನಲ್ಲೇ ಬೆಳೆದು, ಮನುಷ್ಯರ ಕರುಳಿನಲ್ಲಿ ನೆಲೆಯೂರುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿದೆ. ಆದರೂ ಜೀನ್ ಬದಲಿಸಿದ ಜೀವಿಗಳ ಬಗ್ಗೆ ಇರುವ 1989ರ ನಿಯಮದ ಪ್ರಕಾರ ಇಂಥ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ ಇರಲೇಬೇಕು. ಬಳಸಿದ ಪ್ಲೇಟ್‌ಗಳು 121 ಡಿಗ್ರಿಯ ಆಟೋಕ್ಲೇವ್‌ನಲ್ಲಿ (ಪ್ರೆಶರ್ ಕುಕ್ಕರ್‌ನಂಥ ಹಬೆ ಯಂತ್ರ) ಬೆಂದೇ ಹೊರಗೆ ಹೋಗಬೇಕು. ಯಾವ ಲ್ಯಾಬಿಗೆ ಹೋದರೂ ಈ ಎರಡನ್ನು ಕೇಳಿ, ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ (ಮೊದಲು ಕೇಳಿದವರ ಮಗಳು): ಮೇಡಂ, ಅಪ್ಪನ ಫೋನಿನಿಂದ ನಾನೇ ಕೇಳುತ್ತಿದ್ದೇನೆ. ಮ್ಯಾಥ್ಸ್ ಬೇಕೇ ಬೇಕಾ?

ಉತ್ತರ: ಬೇಕಮ್ಮ. ಡಿಫರೆನ್ಷಿಯಲ್ ಸಮೀಕರಣ, ಸ್ವಲ್ಪ ಸ್ಟ್ಯಾಟಿಸ್ಟಿಕ್ಸ್, ಪೈಥಾನ್ ಪ್ರೋಗ್ರಾಮಿಂಗ್. ಈಗಲೇ ಶುರುಮಾಡು, ಕಷ್ಟವಾದರೂ ಬಿಡಬೇಡ. ಎಂಎಸ್ಸಿಗೆ ಜಾಮ್ ಮತ್ತು ಗ್ಯಾಟ್-ಬಿ ಪ್ರವೇಶ ಪರೀಕ್ಷೆ ನೋಡು. ಖರ್ಚಿನ ಚಿಂತೆ ಇದ್ದರೆ ಅಪ್ಪನಿಗೆ ಇದನ್ನೂ ಹೇಳು: ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಈ ಮೊತ್ತ 2023ರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚೆ ಒಂದು ಬೇಸಿಗೆ ರಜೆಯನ್ನಾದರೂ ಯಾವುದಾದರೂ ಲ್ಯಾಬಿನಲ್ಲಿ ಕಳೆ. ವಿಜ್ಞಾನ ಅಕಾಡೆಮಿಗಳ ಸಮ್ಮರ್ ಫೆಲೋಶಿಪ್‌ಗೆ ಎಂಎಸ್ಸಿ ಮೊದಲ ವರ್ಷದಲ್ಲೂ ಅರ್ಜಿ ಹಾಕಬಹುದು.