ಪದಚರ್ಚೆ: ಕಂಪ್ಯೂಟರ್ ‘ಬೂಟ್ ಆಗ್ತಿಲ್ಲ’ ಅನ್ನೋದಕ್ಕೆ ಗೋಡೆ ಮೇಲೆ ಏನು ಬರೆಸಲಿ? ನಾಳೆ ಸಂಜೆಯೊಳಗೆ ಬೇಕು

ಡೊಂಬಿವಲಿಯಿಂದ, ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ವಾಚನಾಲಯದಲ್ಲಿ ದಾನವಾಗಿ ಬಂದ ಏಳು ಹಳೇ ಡೆಸ್ಕ್‌ಟಾಪ್‌ಗಳಿವೆ. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಟೈಪಿಂಗ್ ಹೇಳಿಕೊಡುತ್ತೇವೆ. ಮಳೆ ಹಿಡಿದ ಮೇಲೆ ವಾರಕ್ಕೊಂದಾದರೂ ಮಲಗಿಬಿಡುತ್ತದೆ. ರಿಪೇರಿಯವನು ಬಂದದ್ದಕ್ಕೇ ಐನೂರು. ಹೋದ ಸಲ ಬಂದು, ಪೆಟ್ಟಿಗೆಯ ಹಿಂದಿನ ಸ್ವಿಚ್ ಒತ್ತಿ, ಐನೂರು ಎಣಿಸಿಕೊಂಡು ಹೋದ. ಅವನನ್ನು ಕರೆಯುವ ಮೊದಲು ನಾವೇ ಏನೇನು ನೋಡಿಕೊಳ್ಳಬೇಕು ಅಂತ ಒಂದು ಫ್ಲೆಕ್ಸ್ ಮಾಡಿಸಿ ಗೋಡೆಗೆ ಹಾಕೋಣ ಅಂತಿದ್ದೇವೆ. ಓದುವವರು ಹೆಚ್ಚಾಗಿ ನಿವೃತ್ತರು. ಬ್ಯಾಂಕು, ರೈಲ್ವೆಗಳಲ್ಲಿ ದುಡಿದವರು, ಇಂಗ್ಲಿಷ್ ಚೆನ್ನಾಗಿಯೇ ಬರುತ್ತೆ, ಕಂಪ್ಯೂಟರ್ ಇಂಗ್ಲಿಷ್ ಬರಲ್ಲ.

ಕನ್ನಡ ಪದ ಬೇಕಾಗಿರುವುದು ಇವಕ್ಕೆ: ‘ನೋ ಪವರ್’ (ಕರೆಂಟೇ ಬರುತ್ತಿಲ್ಲ), ‘ನೋ ಪೋಸ್ಟ್’ (ಆನ್ ಆದ ತಕ್ಷಣ ಯಂತ್ರ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುವುದು ಪೋಸ್ಟ್, ಅದು ಆಗುತ್ತಿಲ್ಲ), ‘ನೋ ಬೂಟ್’ (ಆ ಪರೀಕ್ಷೆ ಮುಗಿದರೂ ಕೆಲಸಕ್ಕೆ ಬೇಕಾದ ಪ್ರೋಗ್ರಾಮ್ ತೆರೆಯುತ್ತಿಲ್ಲ). ಮೂರೂ ಬೇರೆ, ಮೂರಕ್ಕೂ ನೋಡುವ ಜಾಗ ಬೇರೆ. ನಮ್ಮವರು ಮೂರಕ್ಕೂ ‘ಆನ್ ಆಗ್ತಿಲ್ಲ’ ಅಂದುಬಿಡುತ್ತಾರೆ. ಜೊತೆಗೆ ‘ರೀಸೀಟ್’ (ಒಳಗಿನ ಭಾಗವನ್ನು ತೆಗೆದು ಮತ್ತೆ ಹಾಕುವುದು), ‘ಬೀಪ್ ಕೋಡ್’ (ಏನು ಕೆಟ್ಟಿದೆ ಅಂತ ಯಂತ್ರ ಬೀಪ್ ಸದ್ದಿನಲ್ಲಿ ತಿಳಿಸುವುದು). ತಲೆಬರಹಕ್ಕೆ ‘ಟ್ರಬಲ್‌ಶೂಟಿಂಗ್’.

‘ಬೂಟ್ ಆಗದಿದ್ದರೆ’ ಅಂತ ನಾನೇ ಬರೆದು ತೋರಿಸಿದ್ದೆ. ನಮ್ಮ ಖಜಾಂಚಿಗಳು ಓದಿ, “ಬೂಟು ಹೊರಗೇ ಬಿಡಿ ಅಂತ ಆಗಲೇ ಬೋರ್ಡ್ ಇದೆಯಲ್ಲಮ್ಮ” ಅಂದರು.

ಪುಣೆಯಿಂದ

ಟ್ರಬಲ್‌ಶೂಟಿಂಗ್: ಕೇಡರಸು, ಅಂದರೆ ಕೇಡನ್ನು ಹುಡುಕು. ಬೂಟ್: ಎಬ್ಬಿಸು. ಪೋಸ್ಟ್: ತನ್ನೊರೆ. ಚಿನ್ನವನ್ನು ಒರೆಗೆ ಹಚ್ಚುತ್ತೇವಲ್ಲ, ಆ ಒರೆ. ತನ್ನನ್ನು ತಾನೇ ಒರೆಗೆ ಹಚ್ಚಿಕೊಳ್ಳುವುದು. ಬೀಪ್: ಉಲಿ. ಮದರ್‌ಬೋರ್ಡ್: ತಾಯ್ಹಲಗೆ.

‘ದೋಶ’ ಬೇಡ, ‘ದುರಸ್ತಿ’ ಬೇಡ, ‘ಪತ್ತೆ’ಯೂ ಬೇಡ. ಮೊದಲನೆಯದು ಸಂಸ್ಕ್ರುತ, ಎರಡನೆಯದು ಪಾರಸಿ, ಮೂರನೆಯದು ಮರಾಟಿ ಕಡೆಯಿಂದ ನುಸುಳಿದ್ದು. ಕೆಡು, ಕೇಡು, ಕೆಡುಕು, ಕೆಡಿಸು ಎಂದು ನಮ್ಮದೇ ಬೇರು ಇಶ್ಟು ಕೊನರಿರುವಾಗ ಕಡ ಯಾಕೆ?

ಠಾಣೆಯಿಂದ

ಪುಣೆಯವರ ‘ಕೇಡರಸು’ ಓದಿ ಕೇಡಿಗೆಲ್ಲ ಅರಸ ಯಾರು ಎಂದು ಒಂದು ಕ್ಷಣ ಹುಡುಕಿದೆ. ಮಕ್ಕಳು ಹೆದರಿಯಾರು.

ಇದಕ್ಕೆ ಸಿದ್ಧವಾದ ಪದವಿದೆ, ನಿದಾನ. ನಲವತ್ತು ವರ್ಷ ವೈದ್ಯ ಮಾಡಿದವನು ಹೇಳುತ್ತಿದ್ದೇನೆ. ರೋಗವನ್ನು ಅರಿಯಲು ಆಯುರ್ವೇದದಲ್ಲಿ ಐದು ದಾರಿ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಈ ಉಪಶಯವನ್ನು ಗಮನಿಸಿ. ಲಕ್ಷಣ ನೋಡಿ ರೋಗ ಯಾವುದೆಂದು ತಿಳಿಯದೆ ಹೋದರೆ, ಒಂದು ಔಷಧವನ್ನೋ ಪಥ್ಯವನ್ನೋ ಕೊಟ್ಟು, ತಗ್ಗಿತೋ ಉಲ್ಬಣಿಸಿತೋ ನೋಡಿ ನಿಶ್ಚಯಿಸುವುದು. ನಿಮ್ಮ ರಿಪೇರಿಯವನು ಚೆನ್ನಾಗಿರುವ ಯಂತ್ರದ ಭಾಗವನ್ನು ತಂದು ಕೆಟ್ಟದ್ದಕ್ಕೆ ಹಾಕಿ ನೋಡುತ್ತಾನಲ್ಲ, ಅದು ಇದೇ. ಫ್ಲೆಕ್ಸಿಗೆ ‘ಗಣಕಯಂತ್ರ ದೋಷ ನಿದಾನ’ ಎಂದು ಬರೆಯಿರಿ. ಪೋಸ್ಟ್ ಎಂದರೆ ಸ್ವಯಂಪರೀಕ್ಷೆ. ಬೂಟ್ ಎಂದರೆ ಉತ್ಥಾಪನ.

ಮಹಾಪ್ರಾಣ ಬಿಟ್ಟು ಬರೆಯುವವರಿಗೆ ನಿದಾನವೂ ನಿಧಾನವೂ ಒಂದೇ ಆಗುತ್ತದೆ. ಅದು ಅವರ ಕಷ್ಟ.

ಪುಣೆಯಿಂದ

ಓದುವಾಗ ಎರಡನ್ನೂ ಒಂದೇ ತೆರ ಉಲಿಯುವವರೇ ಹೆಚ್ಚು. ಗೋಡೆಯ ಮೇಲೆ ‘ದೋಷ ನಿದಾನ’ ಕಂಡರೆ ನಿಮ್ಮ ಸಂಗದವರು ‘ಕಂಪ್ಯೂಟರ್ ಸ್ಲೋ’ ಎಂದೇ ತಿಳಿಯುತ್ತಾರೆ. ಇಲ್ಲದಿದ್ದರೆ ವಾತವೋ ಪಿತ್ತವೋ ಎಂದು ಕೇಳುತ್ತಾರೆ. ‘ಉತ್ತಾಪನ’ದ ಬಗ್ಗೆ ಹೇಳಲು ಏನೂ ಇಲ್ಲ.

ಮಾಟುಂಗಾದಿಂದ

‘ಪೋಸ್ಟ್ ಆಗಿಲ್ಲ’ ಅಂದರೆ ಅಂಚೆಗೆ ಹಾಕಿಲ್ಲ ಅಂತ ನಮ್ಮ ಮನೆಯವರು ತಿಳಿದರು. ಅದರಿಂದ ನೆನಪಾಯಿತು: ಅಂಚೆ ಬಂದದ್ದು ಹಂಸದಿಂದ. ಹಳಗನ್ನಡದಲ್ಲಿ ಹಂಸಕ್ಕೆ ಅಂಚೆ ಅಂತಲೇ ಹೆಸರು. ನಳ ದಮಯಂತಿಯರ ನಡುವೆ ಸುದ್ದಿ ಒಯ್ದದ್ದು ಯಾರು? ನಮ್ಮ ಭಾಷೆ ಎಷ್ಟು ಚಂದ ನೋಡಿ.

ಪುಣೆಯಿಂದ

ಹಕ್ಕಿಯ ಅಂಚೆ ಬೇರೆ, ಟಪಾಲಿನ ಅಂಚೆ ಬೇರೆ. ತಮಿಳಿನ ಅಂಜಲ್ ನೋಡಿ. ಚಂದ ಇದೆ ಎಂದು ನಿಜವಾಗುವುದಿಲ್ಲ.

ಮಡಗಾಂವ್‌ನಿಂದ

ಡೊಂಬಿವಲಿ ಅಕ್ಕ, ಪಾಪ, ಪದ ಕೇಳಿದ್ದು ನೀವು, ಹಂಸ ಹಾರಿದ್ದು ಇನ್ನೆಲ್ಲಿಗೋ.

ಬೂಟ್ ಪದದ ಹುಟ್ಟು ಖಜಾಂಚಿಗಳು ಹೇಳಿದ ಬೂಟಿನಲ್ಲೇ ಇದೆ. ಬೂಟಿನ ಹಿಂದೆ ಎಳೆದುಕೊಳ್ಳಲು ಒಂದು ಪಟ್ಟಿ ಇರುತ್ತದೆ, ಬೂಟ್‌ಸ್ಟ್ರ್ಯಾಪ್. ಅದನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆ ಎತ್ತಿಕೊಳ್ಳುವುದೆಂದರೆ ಆಗದ ಕೆಲಸ ಎಂಬ ಮಾತು ಇಂಗ್ಲಿಷಿನಲ್ಲಿತ್ತು. 1950ರ ದಶಕದಲ್ಲಿ ಕಂಪ್ಯೂಟರಿನವರು ಅದನ್ನು ಎತ್ತಿಕೊಂಡರು. ಕರೆಂಟ್ ಕೊಟ್ಟಾಗ ಯಂತ್ರದ ನೆನಪು ಖಾಲಿ. ದೊಡ್ಡ ಪ್ರೋಗ್ರಾಮನ್ನು ತರಲು ಒಂದು ಪ್ರೋಗ್ರಾಮ್ ಬೇಕು, ಅದನ್ನು ತರುವವರು ಯಾರು? ಒಂದು ಪುಟಾಣಿ ತುಣುಕು ಮೊದಲು ಎದ್ದು, ಮಿಕ್ಕದ್ದನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಪುಣೆಯವರ ‘ಎಬ್ಬಿಸು’ ತಪ್ಪು. ಎಬ್ಬಿಸುವುದು ಗುಂಡಿ ಒತ್ತುವ ನಿಮ್ಮ ಕೆಲಸ, ಅದನ್ನು ನೀವು ಸರಿಯಾಗಿಯೇ ಮಾಡಿದ್ದೀರಿ. ಏಳುವುದು ಯಂತ್ರದ ಕೆಲಸ. ಕೆಟ್ಟಿರುವುದು ಅಲ್ಲಿ. ‘ಏಳುತ್ತಿಲ್ಲ’ ಅನ್ನಿ, ಸಾಕು.

ಇನ್ನು ಕಡದ ಮಾತು. ಚಾವಿ, ಇಸ್ತ್ರಿ, ಪೀಪಾಯಿ, ಬಟಾಟೆ ಎಲ್ಲ ಪೋರ್ಚುಗೀಸರು ಈ ಕರಾವಳಿಯಲ್ಲಿ ಇಳಿಸಿಹೋದವು. ಖಜಾಂಚಿ ಪಾರಸಿ. ಪುಣೆಯವರ ಲೆಕ್ಕದಲ್ಲಿ ಅಕ್ಕನ ಸಂಘ ಮೊದಲು ಖಜಾಂಚಿಗಳನ್ನೇ ಹೊರಗೆ ಹಾಕಬೇಕಾದೀತು. ಠಾಣೆಯವರ ಗಣಕಯಂತ್ರದ ಕತೆಯೂ ಅಷ್ಟೆ. ಮರಾಠಿಯವರು ಬೋರ್ಡಿನ ಮೇಲೆ ‘ಸಂಗಣಕ’ ಅಂತ ಬರೆಯುತ್ತಾರೆ, ಅಂಗಡಿಗೆ ಹೋಗಿ ಸಂಗಣಕ ಕೊಡಿ ಅಂದವರನ್ನು ನಾನಂತೂ ಕಂಡಿಲ್ಲ.

ಪುಣೆಯಿಂದ

‘ಏಳು’ ಒಪ್ಪಿದೆ. ಉಳಿದದ್ದು ಒಪ್ಪಿಲ್ಲ. ಬಂದ ನೆಂಟರನ್ನು ಹೊರಗೆ ಹಾಕಿ ಎಂದು ನಾನು ಹೇಳಿಲ್ಲ. ಹೊಸಬರಿಗೆ ಮನೆ ಬರೆದುಕೊಡಬೇಡಿ ಎನ್ನುತ್ತಿದ್ದೇನೆ.

ಠಾಣೆಯಿಂದ

ನೆಂಟ, ಮನೆ. ಭಾಷೆಯೆಂದರೆ ಇವರಿಗೆ ಫ್ಲ್ಯಾಟಿನ ಸೊಸೈಟಿ.

ಗ್ರ್ಯಾಂಟ್ ರೋಡಿನಿಂದ, ಶನಿವಾರ ಮುಂಜಾನೆ

ನಾ ಇಲ್ಲಿ ಓದಾಂವರಿ, ಬರಿಯಾಂವ ಅಲ್ಲ. ತಪ್ಪಿದ್ರ ಹೊಟ್ಟ್ಯಾಗ ಹಾಕೋರಿ. ಊರು ಇಂಡಿ ತಾಲೂಕು, ಲ್ಯಾಮಿಂಗ್ಟನ್ ರೋಡಿನ್ಯಾಗ ರಿಪೇರಿ ಟೇಬಲ್ ಹಾಕ್ಕೊಂಡು ಭಾಳ ವರ್ಷಾತು. ಅಕ್ಕಾರು ಮೂರು ಬ್ಯಾರೆ ಬ್ಯಾರೆ ಅಂದದ್ದು ಖರೆ ಐತಿ. ನಮ್ಮ ಮಂದಿಯೆಲ್ಲಾ ‘ಚಾಲೂ ಆಗವಲ್ದು’ ಅಂತ ತರ್ತಾರ, ಅದರಾಗಿಂದ ಮೂರು ಬಿಡಿಸಿ ತಗಿಯೋದ ನಮ್ಮ ಕಸಬು. ನಾನು ಹುಡುಗೂರಿಗೆ ಕಲಸೋದು ಹಿಂಗ: ಉಸಿರು ಐತೇನು? ಎಚ್ಚರ ಐತೇನು? ಎದ್ದೈತೇನು?

ಉಸಿರಿಲ್ಲ ಅಂದ್ರ ಫ್ಯಾನ್ ತಿರಗೂದಿಲ್ಲ, ಲೈಟ್ ಹತ್ತೂದಿಲ್ಲ. ಗ್ವಾಡಿ ಸ್ವಿಚ್ಚು, ಹಿಂದಿನ ಸ್ವಿಚ್ಚು, ಕರೆಂಟಿನ ವಾಯರು, ಇಷ್ಟ ನೋಡ್ರಿ. ಅದಕೂ ಆಗಲಿಲ್ಲಂದ್ರ ಎಸ್‌ಎಂಪಿಎಸ್ (ಒಳಗ ಕರೆಂಟ್ ಹಂಚೋ ಡಬ್ಬಿ) ಮ್ಯಾಲ ಸಂಶೆ. ನಾವು 24 ಪಿನ್ನಿನ ಜಾಕ್ ಬೋರ್ಡಿನಿಂದ ತಗದು, ಹಸರ ವಾಯರಿಗೂ ಕರಿ ವಾಯರಿಗೂ ಒಂದು ಪಿನ್ನು ಕೂಡಿಸ್ತೀವಿ, ಫ್ಯಾನ್ ತಿರಗಬೇಕು. ತಿರಗಿತು ಅಂದಕೂಡ್ಲೇ ಚೊಲೊ ಐತಿ ಅಂತ ಅಲ್ರಿ. ಹಳದ್ಯಾಗ 12, ಕೆಂಪಿನ್ಯಾಗ 5, ಕಿತ್ತಳ್ಯಾಗ 3.3 ವೋಲ್ಟ್ ಬರತೈತೇನು ಮೀಟರ್ ಹಚ್ಚಿ ನೋಡಬೇಕು. ಇದನ್ನ ಮಾತ್ರ ಫ್ಲೆಕ್ಸಿನ್ಯಾಗ ಹಾಕಬ್ಯಾಡ್ರಿ. ನಿಮ್ಮ ಅಜ್ಜಾರು ಕೈಯಾಗ ಪಿನ್ನು ಹಿಡಕೊಂಡು ಕುಂತಾರು.

ಫ್ಯಾನ್ ತಿರಗತೈತಿ, ಪರದೆ ಕರ್ರಗ ಐತಿ ಅಂದ್ರ ಉಸಿರೈತಿ, ಎಚ್ಚರಿಲ್ಲ. ಇದು ಪೋಸ್ಟ್ ಆಗದಿರೋದು. ಮುಂಬೈ ಮಳ್ಯಾಗ ನನ್ನ ಟೇಬಲ್ಲಿಗೆ ಬರೋವು ಹೆಚ್ಚಿನವು ಇಂಥಾವ. ರ‍್ಯಾಮ್ (ನೆನಪಿನ ಪಟ್ಟಿ) ತಗೀರಿ, ಅದರ ಬಂಗಾರದ ಬಣ್ಣದ ಹಲ್ಲು ಪೆನ್ಸಿಲ್ ರಬ್ಬರ್‌ಲೆ ತಿಕ್ಕ್ರಿ, ಪುಡಿ ಝಾಡಿಸಿ ಮತ್ತ ಕುಂದ್ರಸ್ರಿ. ಎರಡಿದ್ರ ಒಂದೊಂದ ಹಾಕಿ ನೋಡ್ರಿ. ಮುಟ್ಟೂಕಿಂತ ಮೊದ್ಲ ಕರೆಂಟಿನ ವಾಯರ್ ಕಿತ್ತು, ಪವರ್ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಒಳಗ ಉಳಿದ ಕರೆಂಟು ಇಳೀತೈತಿ. ‘ರೀಸೀಟ್’ಗೆ ಪದ ಹುಡಕ್ತೀರಲ್ಲ, ತಗದು ಕುಂದ್ರಸೋದು, ಅಷ್ಟ. ಪ್ರೊಸೆಸರಿಗೆ ಹೋಗೋ ನಾಕು ಪಿನ್ನಿಂದೋ ಎಂಟು ಪಿನ್ನಿಂದೋ ಜಾಕ್ ಬ್ಯಾರೇನ ಇರತೈತಿ, ಅದು ಸಡ್ಲಾದ್ರೂ ಹಿಂಗ ಆಗತೈತಿ. ಇದಕ್ಕ ‘ಸಿಪಿಯು ವಾಯರ್’ ಅಂತ ಬರೀಬ್ಯಾಡ್ರಿ. ನಮ್ಮ ಮಂದಿ ಇಡೀ ಡಬ್ಬಿಗೇ ಸಿಪಿಯು ಅಂತಾರ, ಗ್ವಾಡಿ ವಾಯರ್ ಕಿತ್ತು ಹಚ್ಚಿ ‘ಹಚ್ಚೀನಿ, ಆಗವಲ್ದು’ ಅಂತಾರ.

ಬೀಪಿಗೆ ‘ಕೂಗು’ ಅನ್ರಿ. ಹಳೇ ಅವಾರ್ಡ್ ಕಂಪನಿ ಬಯೋಸ್ (ಬೋರ್ಡಿನ್ಯಾಗ ಇರೋ, ಯಂತ್ರ ಚಾಲೂ ಮಾಡೋ ಪ್ರೋಗ್ರಾಮ್) ಇದ್ದಾವು ಒಂದು ಉದ್ದ ಎರಡು ಗಿಡ್ಡ ಕೂಗಿದ್ರ ಡಿಸ್ಪ್ಲೇ ಕಾರ್ಡಿಂದು. ಉದ್ದುದ್ದ ಕೂಗತಾನ ಇದ್ರ ರ‍್ಯಾಮಿಂದು. ಬ್ಯಾರೆ ಬಯೋಸಿನ ಲೆಕ್ಕ ಬ್ಯಾರೆ, ಹಂಗಾಗಿ ಏಳಕ್ಕೂ ಒಂದ ಪಟ್ಟಿ ಬರೀಬ್ಯಾಡ್ರಿ. ಕೂಗೋ ಸ್ಪೀಕರೇ ಇಲ್ಲದಾವೂ ಇರತಾವು.

ಕಂಪನಿ ಹೆಸರು ಬಂತು, ಡಿಸ್ಕ್ ಸಿಗವಲ್ದು ಅಂತ ಇಂಗ್ಲಿಷಿನ್ಯಾಗ ಬರದು ನಿಂತು ಅಂದ್ರ ಎಚ್ಚರಾಗೈತಿ, ಎದ್ದಿಲ್ಲ. ಹಾರ್ಡ್ ಡಿಸ್ಕಿನ ವಾಯರ್ ತಗದು ಹಚ್ಚ್ರಿ. ಟಿಕ್ ಟಿಕ್ ಸಪ್ಪಳ ಬರಾಕತ್ತಿತಂದ್ರ ಮುಟ್ಟಬ್ಯಾಡ್ರಿ, ಮಕ್ಕಳು ಬರದಿದ್ದೆಲ್ಲಾ ಅದರಾಗೈತಿ. ದಿನಾ ತಾರೀಖು ಹಿಂದಕ್ಕ ಹೋಗತಿದ್ರ ಬೋರ್ಡಿನ ಮ್ಯಾಲಿನ ಬಿಲ್ಲಿಯಂಥಾ ಸೆಲ್ ಸತ್ತಿರತೈತಿ. ಸಿಆರ್ 2032 ಅಂತ ಕೇಳ್ರಿ, 3 ವೋಲ್ಟಿಂದು, ವಾಚ್ ಅಂಗಡ್ಯಾಗೂ ಸಿಗತೈತಿ.

ಠಾಣೆಯಿಂದ

ಯಂತ್ರಕ್ಕೆ ಉಸಿರೆಂದರೆ ಮೊದಲು ನಗು ಬಂತು. ಆಮೇಲೆ ನೋಡಿದರೆ ಇವರು ಹೇಳಿದ್ದು ರೂಪ, ಉಪಶಯ ಎರಡನ್ನೂ ಒಳಗೊಂಡಿದೆ. ‘ಪ್ರಾಣ, ಪ್ರಜ್ಞೆ, ಉತ್ಥಾನ’ ಎಂದು ಬರೆದರೆ ಗೋಡೆಗೆ ಗಾಂಭೀರ್ಯ ಬರುತ್ತದೆ.

ಮಡಗಾಂವ್‌ನಿಂದ

ದಯವಿಟ್ಟು ಬೇಡ ಸಾರ್. ಪ್ರಾಣ ಇಲ್ಲ ಅಂತ ಗೋಡೆ ಮೇಲೆ ಬರೆದರೆ ಸಂಘದವರು ಹಾರ ತಂದಾರು.

ಪುಣೆಯಿಂದ

ಉಸಿರು ನಮ್ಮದು, ತಮಿಳಿನಲ್ಲಿ ಉಯಿರ್. ಎಚ್ಚರವೂ ನಮ್ಮದು. ಏಳು ನಮ್ಮದು. ಇಂಡಿಯವರು ಯಾವ ನುಡಿಗಟ್ಟನ್ನೂ ಅರಸದೆ ಮೂರನ್ನೂ ಕನ್ನಡದಲ್ಲೇ ಹೇಳಿದ್ದಾರೆ. ‘ಖರೆ’, ‘ಸಂಶೆ’ ಬಿಟ್ಟು.

ಮಾಟುಂಗಾದಿಂದ

ಅಂಚೆ ವಿಷಯ ಯಾರೂ ಮುಗಿಸಲಿಲ್ಲ. ಕಿಟ್ಟೆಲರ 1894ರ ನಿಘಂಟು ಮನೆಯಲ್ಲಿದೆ, ಅಟ್ಟದಿಂದ ಇಳಿಸುತ್ತಿದ್ದೇನೆ.

ಡೊಂಬಿವಲಿಯಿಂದ, ಶನಿವಾರ ಸಂಜೆ

ಎಲ್ಲರಿಗೂ, ಮುಖ್ಯವಾಗಿ ಗ್ರ್ಯಾಂಟ್ ರೋಡಿನ ಅಣ್ಣನಿಗೆ, ನಮಸ್ಕಾರ. ತಲೆಬರಹ ‘ಕಂಪ್ಯೂಟರ್ ಏಳುತ್ತಿಲ್ಲವೇ? ಮೊದಲು ಇದನ್ನು ನೋಡಿ’. ಕೆಳಗೆ ಮೂರು ಸಾಲು: ‘ಉಸಿರಿಲ್ಲ’, ‘ಉಸಿರಿದೆ, ಎಚ್ಚರವಿಲ್ಲ’, ‘ಎಚ್ಚರವಿದೆ, ಎದ್ದಿಲ್ಲ’. ಒಂದೊಂದರ ಮುಂದೆ ಏನು ನೋಡಬೇಕು ಅಂತ. ‘ತೆಗೆದು ಮತ್ತೆ ಕೂರಿಸಿ’ ಅಂತಲೇ ಹಾಕಿದೆ. ಫ್ಲೆಕ್ಸಿನವನ ಕಂಪ್ಯೂಟರಿನಲ್ಲಿ ‘ಎಚ್ಚರ’ದ ಒತ್ತು ಕಳಚಿ ಪಕ್ಕಕ್ಕೆ ಬಿತ್ತು. ಚಿತ್ರ ಮಾಡಿ ಕಳಿಸಿದ ಮೇಲೆ ಸರಿಹೋಯಿತು. ‘ದೋಷ’, ‘ಕೇಡು’ ಎರಡನ್ನೂ ಬಳಸಿಲ್ಲ, ಇಬ್ಬರೂ ಕ್ಷಮಿಸಬೇಕು.

ಠಾಣೆಯಿಂದ

ಕ್ಷಮಿಸುವ ಪ್ರಶ್ನೆಯಿಲ್ಲ. ‘ಕೂರಿಸಿ’ ಅಲ್ಲ, ‘ಕುಳ್ಳಿರಿಸಿ’.

ಡೊಂಬಿವಲಿಯಿಂದ, ಭಾನುವಾರ

ಫ್ಲೆಕ್ಸ್ ಗೋಡೆಯ ಮೇಲಿದೆ. ನಾಲ್ಕನೇ ಯಂತ್ರ ಇವತ್ತು ‘ಉಸಿರಿದೆ, ಎಚ್ಚರವಿಲ್ಲ’. ಖಜಾಂಚಿಗಳೇ ಕನ್ನಡಕ ಏರಿಸಿ ರ‍್ಯಾಮ್ ತೆಗೆದು, ಮೊಮ್ಮಗಳ ರಬ್ಬರಿನಿಂದ ಉಜ್ಜಿ ಕೂರಿಸಿದರು. ಈಗ ಉದ್ದುದ್ದ ಕೂಗುತ್ತಿದೆ, ನಿಲ್ಲಿಸುತ್ತಲೇ ಇಲ್ಲ. ಮೊದಲು ಕೂಗುತ್ತಿರಲಿಲ್ಲ. ಅಣ್ಣ, ಏನು ಮಾಡಲಿ?

ಗ್ರ್ಯಾಂಟ್ ರೋಡಿನಿಂದ

ಚಿಂತಿ ಬ್ಯಾಡ್ರಿ ಅಕ್ಕಾರ, ಕೂಗಾಕತ್ತೈತಿ ಅಂದ್ರ ಬೋರ್ಡು ಜೀವಂತ ಐತಿ. ರ‍್ಯಾಮ್ ಪೂರ್ತಿ ಕುಂತಿರಲಿಕ್ಕಿಲ್ಲ. ಆಫ್ ಮಾಡಿ, ವಾಯರ್ ಕಿತ್ತು, ಬಾಜೂಕಿನ ಖಾನ್ಯಾಗ ಹಾಕಿ ಎರಡೂ ಕಡೆ ಕ್ಲಿಪ್ಪು ಟಕ್ ಅನ್ನೂತನಕ ಒತ್ತ್ರಿ. ಖಾನಿಯೊಳಗ ಧೂಳು ಇದ್ರ ಬಾಯಿಲೆ ಊದಬ್ಯಾಡ್ರಿ, ಉಗುಳು ಬೀಳತೈತಿ. ಬಣ್ಣ ಹಚ್ಚೋ ಒಣಾ ಬ್ರಷ್ ತಗೋರಿ.

ಪುಣೆಯಿಂದ

‘ಕಾನೆ’ ಪಾರಸಿ.