ಸಮಸ್ಯೆ: ಕಣ್ಣೀರಿಂ ಬೆಂಕಿ ಹೊತ್ತಿಯುರಿದುದು ನೋಡಾ

ಪೃಚ್ಛಕ: ಮೇಲಿನದು ಕೊನೆಯ ಪಾದ, ಅರ್ಥ ಕೂಡುವಂತೆ ಉಳಿದ ಮೂರನ್ನು ನೀವು ತುಂಬಬೇಕು, ಅದೇ ಪೂರಣ. ಈ ವಾರ ನಾಲ್ಕು ಪಾದದ ಕಂದ, ಪ್ರತಿ ಪಾದದ ಎರಡನೇ ಅಕ್ಷರಕ್ಕೆ ‘ಣ್ಣ’ ಪ್ರಾಸ. ಹೊಟ್ಟೆಕಿಚ್ಚಿನ ಪೂರಣ ಯಾರೂ ತರಬೇಡಿ, ಹಳಸಿದೆ.

ಲಘುಗುರು: ‘ಕಂಬನಿಯಿಂ’ ಎಂದರೂ ಕೂರುತ್ತಿತ್ತಲ್ಲ?

ಪೃಚ್ಛಕ: ಕೂರುತ್ತೆ. ಆದರೆ ಕಣ್+ಪನಿ ಕಂಬನಿ. ಒಂದೆರಡು ಹನಿ, ರೆಪ್ಪೆಯಂಚಿನದು. ಮಿಡಿಯಬಹುದು, ಹೊಳೆ ಹರಿಸಲಾಗದು. ‘ಗಣ್ಯರ ಕಂಬನಿ’ ಅಂತ ಪತ್ರಿಕೆಯವರು ಅದನ್ನೂ ಒಣಗಿಸಿದ್ದಾರೆ. ಬಾಷ್ಪ ಆವಿಯ ಕಡೆ ಜಾರುತ್ತೆ, ಅಶ್ರು ಅಂದರೆ ಪೊಲೀಸರ ಶೆಲ್ ನೆನಪಾಗುತ್ತೆ. ಮೇಲಾಗಿ ಪ್ರಾಸಕ್ಕೆ ತುಂಬು, ನಂಬು, ಜಂಬ ಮುಗಿದ ಮೇಲೆ ನೀವು ಕೊಂಬು ಊದುತ್ತೀರಿ.

ಗಮಕಿ:
ಹೆಣ್ಣಿನ ಮುಡಿಯಂ ಪಿಡಿದೊಡೆ
ತಣ್ಣನೆ ಕುಳಿತಿರ್ದ ಭೀಮನೆದೆಯೊಳಗಾಗಳ್
ಬಣ್ಣಿಸಲರಿದೆನೆ ಕೋಪಂ
ಕಣ್ಣೀರಿಂ ಬೆಂಕಿ ಹೊತ್ತಿಯುರಿದುದು ನೋಡಾ

ಪೃಚ್ಛಕ: ಚೆನ್ನಾಗಿದೆ.

ಹಳೇಬೇರು: ಸಭಾಪರ್ವದಲ್ಲಿ ಭೀಮ ‘ಸಹದೇವ, ಬೆಂಕಿ ತಾ’ ಅನ್ನುತ್ತಾನೆ, ಧರ್ಮಜನ ತೋಳು ಸುಡಲು. ಅದನ್ನು ಬಿಟ್ಟು ‘ಬಣ್ಣಿಸಲರಿದು’ ಅಂತ ಕೈಚೆಲ್ಲಿದಿರಲ್ಲ!

ಲಘುಗುರು: ನನ್ನದು.
ಸುಣ್ಣದ ಗೂಡಿನ ಕೂಲಿಯ
ಹೆಣ್ಣಳಲಲ್ ಸುಟ್ಟ ಕಲ್ಲ ಮೇಲೆಯೆ ಬೀಳಲ್
ಸಣ್ಣನೆ ಹೊಗೆಯೆದ್ದುದು ಗಡ
ಕಣ್ಣೀರಿಂ ಬೆಂಕಿ ಹೊತ್ತಿಯುರಿದುದು ನೋಡಾ

ಹಳೇಬೇರು: ಕಲ್ಪನೆಗೆ ಶರಣು. ‘ಅಳಲಲ್’ ಮಾತ್ರ ತಪ್ಪು. ಅಳು ಬೇರೆ, ಅಳಲು ಬೇರೆ. ಅಳಲುವವಳ ಕಣ್ಣು ಒಣಗಿರಬಹುದು, ಒಳಗೇ ಬೇಯುತ್ತಾಳೆ. ಬೀಳುವ ನೀರೆಲ್ಲಿದೆ? ಅವಳೇ ಕಲ್ಲ ಮೇಲೆ ಬಿದ್ದಳು ಅಂತ ಓದಿಕೊಂಡೆ.

ಲಘುಗುರು: ನಾಲ್ಕನೇ ಪಾದದವರೆಗೆ ಓದುವ ವ್ಯವಧಾನ ಇರಬೇಕು, ರಾಯರೇ.

ಹಳೇಬೇರು: ‘ಹೆಣ್ಣಳುತಿರೆ ಸುಟ್ಟ ಕಲ್ಲ’ ಅನ್ನಿ. ಮಾತ್ರೆ ಅಷ್ಟೇ, ಅರ್ಥ ನೆಟ್ಟಗೆ. ಹೋದ ಸಲ ಶಿಥಿಲದ್ವಿತ್ವ (ಒತ್ತಕ್ಷರವನ್ನು ತೇಲಿಸಿ ನುಡಿದು ಹಿಂದಿನಕ್ಷರವನ್ನು ಲಘುವಾಗಿಯೇ ಉಳಿಸುವ ವಿನಾಯಿತಿ) ಅಂತ ಪಾರಾದಿರಿ, ಈ ಸಲ ಆ ಬಾಗಿಲಿಲ್ಲ.

ಲಘುಗುರು: ‘ಅಳುತಿರೆ’ ಅಂದರೆ ಮಗು ರಚ್ಚೆ ಹಿಡಿದಂತೆ ಕೇಳುತ್ತೆ. ಹಳಗನ್ನಡದಲ್ಲಿ ಎರಡೂ ೞಕಾರದವೇ (ಈಗ ಳ ಆಗಿರುವ ಹಳೆಯ ಅಕ್ಷರ), ಅೞು ಮತ್ತು ಅೞಲ್. ತಮಿಳಿನಲ್ಲಿ ಅೞಲ್ ಎಂದರೆ ಬೆಂಕಿಯೇ! ಸಮಸ್ಯೆಯ ಕಿಡಿ ಆ ಪದದಲ್ಲೇ ಕೂತಿದೆ.

ಹಳೇಬೇರು: ಕಂದ ಬರೆದದ್ದು ಕನ್ನಡದಲ್ಲಿ.

ಕಲ್ಲುಸಕ್ಕರೆ: ನಡುವೆ ಬಾಯಿ ಹಾಕುತ್ತೇನೆ. ಸುಟ್ಟ ಸುಣ್ಣಕಲ್ಲು ನೀರು ಕುಡಿದು ಅರಳಲು ಅದರ ತೂಕದ ಮೂರನೇ ಒಂದು ಪಾಲು ನೀರು ಬೇಕು, 100 ಗ್ರಾಂಗೆ 32 ಗ್ರಾಂ. ಕಂಬನಿ ಸಾಲದು, ಪೃಚ್ಛಕರ ಆಯ್ಕೆ ಸರಿ. ಆದರೆ ಆಗ ಕಲ್ಲು ಕಾದು ಏಳುವುದು ಹಬೆ, ಹೊಗೆಯಲ್ಲ. ‘ಸಣ್ಣನೆ ಹಬೆಯೆದ್ದುದು’ ಎಂದರೂ ಗಣ ಕೆಡದು.

ಲಘುಗುರು: ಹಬೆ ಎಂದರೆ ಮುಂದಿನ ಪಾದಕ್ಕೆ ಬೆಂಕಿಯನ್ನು ಎಲ್ಲಿಂದ ತರಲಿ? ಇಡ್ಲಿ ಪಾತ್ರೆಯಿಂದಲೇ?

ಕಲ್ಲುಸಕ್ಕರೆ: ಸುಣ್ಣಕಲ್ಲಿನ ಚೀಲ ನೆನೆದರೆ ಗೋಣಿ, ಹುಲ್ಲು ಹೊತ್ತಿಕೊಳ್ಳುವುದುಂಟು. ಗೋಣಿಯನ್ನು ಪದ್ಯದೊಳಗೆ ತನ್ನಿ, ಹೊಗೆ ಉಳಿಯುತ್ತೆ.

ಲಘುಗುರು: ಗೋಣಿಗೆ ಣ್ಣ ಎಲ್ಲಿದೆ?

ಗಮಕಿ: ಪಾದದ ನಡುವೆ ಇಡಿ ಸ್ವಾಮಿ, ಯಾರು ಬೇಡ ಅಂದರು? ಅಂದಹಾಗೆ ಹಳಗನ್ನಡದಲ್ಲಿ ಪಿಡಿದೊಡೆ ಅಂದ ನನಗೆ ಹೊಸಗನ್ನಡದ ‘ಹೊತ್ತಿ’ ಕೊಟ್ಟಿದ್ದೀರಿ, ಪೃಚ್ಛಕರೇ. ‘ಪೊತ್ತಿ’ ಆಗಬೇಡವೇ?

ಪೃಚ್ಛಕ: ಅದು ನಿಮಗೆ ಇಷ್ಟು ಹೊತ್ತಾದ ಮೇಲೆ ಕಂಡಿತೇ?

ಲಘುಗುರು: ಹೊಗೆ ಇರಲಿ. ‘ಅಳಲಲ್’ ತಿದ್ದುವುದಿಲ್ಲ.

ಹಳೇಬೇರು: ಅಳಲಿರಿ ಹಾಗಾದರೆ.