ಮದುವೆ ಕರೆಯೋಲೆ ಅಂತ ಬಂದ ಎಪಿಕೆ ಫೈಲ್ ಒತ್ತಿದ್ದಾರೆ, ಈಗೇನು ಮಾಡೋದು?

ಪ್ರಶ್ನೆ (ಚನ್ನಗಿರಿ): ಸರ್, ನಮ್ಮ ಚಿಕ್ಕಪ್ಪಂಗೆ ಪರಿಚಯದವರ ವಾಟ್ಸಾಪ್‌ನಿಂದಲೇ ಮದುವೆ ಆಮಂತ್ರಣ ಅಂತ ಎಪಿಕೆ ಫೈಲ್ (ಒತ್ತಿದ್ರೆ ಆ್ಯಪ್ ಇನ್‌ಸ್ಟಾಲ್ ಆಗೋ ಫೈಲ್) ಬಂತು. ಒತ್ತಿದ್ರು, ಕೇಳಿದ್ದಕ್ಕೆಲ್ಲ ‘ಅಲೋ’ ಒತ್ತಿ ಅನುಮತಿ ಕೊಟ್ರು. ಕರೆಯೋಲೆ ತೆರೀಲೇ ಇಲ್ಲ. ಈಗ ಇವರ ನಂಬರಿಂದ ಊರವರಿಗೆಲ್ಲ ಅದೇ ಫೈಲ್ ಹೋಗ್ತಿದೆ. ಅಡಿಕೆ ಮಾರಿದ ದುಡ್ಡು ಖಾತೇಲಿದೆ. ಆ್ಯಪ್ ಹುಡುಕಿದ್ರೂ ಸಿಗ್ತಿಲ್ಲ.

ಉತ್ತರ: ಆ್ಯಪ್ ಹುಡುಕೋದು ಆಮೇಲೆ. ಮೊದಲು ಫ್ಲೈಟ್ ಮೋಡ್ ಹಾಕಿ, ವೈಫೈ ಆಫ್ ಮಾಡಿ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಅಲ್ಲಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಎಲ್ಲ ನಿಲ್ಲಿಸಿ. ದುಡ್ಡು ಹೋಗಿದ್ರೆ ಆ ಗಳಿಗೇಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಿ. ಕದ್ದ ದುಡ್ಡು ಖಾತೆಯಿಂದ ಖಾತೆಗೆ ಜಿಗೀತಾ ಹೋಗುತ್ತೆ, ತಡೆಯೋಕಾಗೋದು ಅದು ಎಲ್ಲಾದ್ರೂ ನಿಂತಿರೋವಾಗ ಮಾತ್ರ. ‘ನಾಳೆ ದಾವಣಗೆರೆಗೆ ಹೋಗಿ ಕಂಪ್ಲೇಂಟ್ ಕೊಡೋಣ’ ಅಂತ ಕೂರಬೇಡಿ.

ಇಂಥ ಆ್ಯಪ್‌ಗಳಿಗೆ ಮುಖ್ಯವಾಗಿ ಬೇಕಾಗಿರೋದು ಎರಡು ಪರ್ಮಿಷನ್. ಎಸ್ಸೆಮ್ಮೆಸ್ ಕೊಟ್ರೆ ಓಟಿಪಿ ಅವರ ಕೈಗೆ. ಅದನ್ನ ಕದ್ದು ನಿಮ್ಮ ವಾಟ್ಸಾಪನ್ನೇ ಬೇರೆ ಫೋನಲ್ಲಿ ತೆರೆಯೋದೂ ಉಂಟು. ಇನ್ನೊಂದು ಆ್ಯಕ್ಸೆಸಿಬಿಲಿಟಿ. ಕಣ್ಣು ಕಾಣದವರಿಗೆ ಸ್ಕ್ರೀನ್ ಓದಿ ಹೇಳೋಕೆ ಅಂತ ಇರೋ ಸೌಲಭ್ಯ ಅದು. ಕಳ್ಳ ಆ್ಯಪ್‌ಗೆ ಸಿಕ್ರೆ ಸ್ಕ್ರೀನ್ ನೋಡುತ್ತೆ, ತಾನೇ ಬಟನ್ ಒತ್ತುತ್ತೆ, ನೀವು ಅನ್‌ಇನ್‌ಸ್ಟಾಲ್ ಮಾಡೋಕೆ ಹೋದ್ರೆ ಹಿಂದಕ್ಕೆ ತಳ್ಳುತ್ತೆ. ಐಕಾನ್ ಬಚ್ಚಿಟ್ಟಿರುತ್ತೆ. ಅದಕ್ಕೇ ಸೇಫ್ ಮೋಡ್‌ನಲ್ಲಿ (ಹೊರಗಿಂದ ಹಾಕಿದ ಆ್ಯಪ್ ಓಡದ ಹಾಗೆ) ಆನ್ ಮಾಡಿ, ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟೀಲಿ ನೋಡಿ ತೆಗೀಬೇಕು. ನನ್ನ ಕೇಳಿದ್ರೆ ಫೋಟೋ, ನಂಬರ್ ಮಾತ್ರ ಉಳಿಸ್ಕೊಂಡು ಫ್ಯಾಕ್ಟರಿ ರೀಸೆಟ್ ಹೊಡೀರಿ, ಅಂದ್ರೆ ಫೋನನ್ನ ಪೂರ್ತಿ ಅಳಿಸಿ ಹೊಸದರ ಹಾಗೆ ಮಾಡಿ. ಪಾಸ್‌ವರ್ಡ್, ಯುಪಿಐ ಪಿನ್ ಹೊಸದು ಮಾಡಿ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿರೋದೆಲ್ಲ ಲಾಗೌಟ್ ಮಾಡಿ, ಟೂ ಸ್ಟೆಪ್ ಪಿನ್ ಹಾಕಿ. ಕರೆಯೋಲೆ ಅಂದ್ರೆ ಫೋಟೋನೋ ಪಿಡಿಎಫ್ಫೋ ಆಗಿರುತ್ತೆ. ಇನ್‌ಸ್ಟಾಲ್ ಮಾಡ್ಕೊಂಡು ಹೋಗೋ ಮದುವೆ ಎಲ್ಲೂ ಇಲ್ಲ!

ಪ್ರಶ್ನೆ (ಮಂಡಿಪೇಟೆ): ಅಂಗಡಿ ಫೋನ್ ಆಂಡ್ರಾಯ್ಡ್ 9. ಅಪ್‌ಡೇಟ್ ಬರಲ್ಲ. ಆಂಟಿವೈರಸ್ ಹಾಕಿದ್ರೆ ಸಾಕಾ?

ಉತ್ತರ: ಸಾಕಾಗಲ್ಲ. 2018ರ ಆಂಡ್ರಾಯ್ಡ್ ಅದು, ಗೂಗಲ್ ಅದಕ್ಕೆ ಸೆಕ್ಯುರಿಟಿ ಪ್ಯಾಚ್ (ದೋಷ ಸರಿಪಡಿಸೋ ಅಪ್‌ಡೇಟ್) ಕೊಡೋದು ನಿಲ್ಲಿಸಿದೆ. ಒಳಗಿರೋ ತೂತನ್ನ ಹೊರಗಿನ ಆ್ಯಪ್ ಮುಚ್ಚೋಕಾಗಲ್ಲ. 2015ರಲ್ಲಿ ಸ್ಟೇಜ್‌ಫ್ರೈಟ್ ಅನ್ನೋ ದೋಷ ಬಯಲಾದಾಗ, ಒಂದು ಎಂಎಂಎಸ್ (ಫೋಟೋ, ವಿಡಿಯೋ ಇರೋ ಮೆಸೇಜ್) ಬಂದ್ರೆ ಫೋನ್ ಕಳ್ಳರ ಕೈಗೆ ಸಿಗೋಕೆ ಸಾಕಿತ್ತು, ನೀವು ಮುಟ್ಟೋದೂ ಬೇಕಿರಲಿಲ್ಲ. ತಿಂಗಳಿಗೊಮ್ಮೆ ಪ್ಯಾಚ್ ಬಿಡೋ ಪದ್ಧತಿ ಶುರುವಾಗಿದ್ದೇ ಆಮೇಲೆ. ಈಗಲೇ ಹೊಸದು ಕೊಳ್ಳೋಕಾಗದಿದ್ರೆ, ಆ ಫೋನಿನ ಯುಪಿಐಗೆ ದಿನದ ವ್ಯಾಪಾರದಷ್ಟೇ ದುಡ್ಡಿರೋ ಖಾತೆ ಜೋಡಿಸಿ. ಆ್ಯಪ್‌ಗಳನ್ನ ತಪಾಸಣೆ ಮಾಡೋ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ಅದನ್ನ ಆಫ್ ಮಾಡಿ ಅಂತ ಯಾವ ಆ್ಯಪ್ ಹೇಳಿದ್ರೂ ಅದು ಕಳ್ಳಂದೇ.

ಪ್ರಶ್ನೆ (ವಿದ್ಯಾನಗರ): ಬಸ್‌ಸ್ಟ್ಯಾಂಡ್‌ನಲ್ಲಿ ಚಾರ್ಜಿಗೆ ಹಾಕಿದ್ರೆ ಡೇಟಾ ಕದೀತಾರಂತೆ?

ಉತ್ತರ: ಈ ಭಯ ಸ್ವಲ್ಪ ಜಾಸ್ತೀನೇ ಆಯ್ತು. ನಿಮ್ಮದೇ ಅಡಾಪ್ಟರ್ ಪ್ಲಗ್ಗಿಗೆ ಹಾಕಿ. ಯುಎಸ್‌ಬಿಗೆ ಚುಚ್ಚಿದಾಗ ‘ಫೈಲ್ ಟ್ರಾನ್ಸ್‌ಫರ್’ ಅಂತ ಕೇಳಿದ್ರೆ ಬೇಡ ಅನ್ನಿ.

ಪ್ರಶ್ನೆ (ನಿಟುವಳ್ಳಿ): ದುಗ್ಗಮ್ಮನ ಜಾತ್ರೆ ನೂಕುನುಗ್ಗಲಲ್ಲಿ ಫೋನ್ ಕಳ್ಕೊಂಡ್ರೆ? ಪ್ಯಾಟರ್ನ್ ಲಾಕ್ ಇದೆ.

ಉತ್ತರ: ಪ್ಯಾಟರ್ನ್ ಕಾಯೋದು ಫೋನನ್ನ, ಸಿಮ್ಮನ್ನಲ್ಲ. ಕಳ್ಳ ಸಿಮ್ ತೆಗೆದು ತನ್ನ ಫೋನಿಗೆ ಹಾಕ್ಕೊಂಡ್ರೆ ಓಟಿಪಿ ಎಲ್ಲ ಅಲ್ಲಿಗೇ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಅಂತ ಇದೆ, ಪಿನ್ ಹಾಕಿ. ಮೊದಲಿಗೆ ಕೇಳೋ ಪಿನ್ ಕಂಪನಿ ಇಟ್ಟಿದ್ದು, ಕೇಳಿ ತಿಳ್ಕೊಂಡೇ ಹಾಕಿ. 3 ಸಲ ತಪ್ಪಿದ್ರೆ ಸಿಮ್ ಬಿಡಿಸೋಕೆ ಕಂಪನಿಯ ಪಿಯುಕೆ ಕೋಡ್ ಬೇಕಾಗುತ್ತೆ. ಕಳೆದ ಮೇಲೆ ಮೊದಲು ಸಿಮ್ ಬ್ಲಾಕ್, ಆಮೇಲೆ ಪೊಲೀಸ್ ದೂರು, ದೂರಿನ ಪ್ರತಿ ಇಟ್ಕೊಂಡು ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ (ಫೋನಿನ ಗುರುತಿನ ನಂಬರ್) ಬ್ಲಾಕ್. ಆ ನಂಬರ್ ಫೋನಿನ ಬಾಕ್ಸ್ ಮೇಲಿರುತ್ತೆ. ಬಾಕ್ಸ್ ಎಸೆದಿದ್ರೆ ಈಗಲೇ *#06# ಒತ್ತಿ ಬರೆದು ಮನೇಲಿಡಿ.